ಹಿಂದಿನ ಕೂದಲು ಮುಂದಕ್ಕೆ

ಆಪರೇಷನ್ ಆದ ಮಧ್ಯಾಹ್ನ ತಲೆಗೆ ರುಮಾಲಿನಷ್ಟು ದಪ್ಪದ ಬ್ಯಾಂಡೇಜ್ ಸುತ್ತಿಸಿಕೊಂಡು ಚರ್ಚ್‌ಗೇಟಿನಲ್ಲಿ ಲೋಕಲ್ ಹತ್ತಿದೆ. ಎಂದೂ ಜಾಗ ಕೊಡದ ಜನ ಅವತ್ತು ಎದ್ದು ನಿಂತು ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟರು. ಒಬ್ಬ, "ಕ್ಯಾ ಹುವಾ ಭಾಯ್‌ಸಾಬ್, ಗಾಡೀ ಸೆ ಗಿರೇ ಕ್ಯಾ?" ಎಂದು, ಗಾಡಿಯಿಂದ ಬಿದ್ದಿರಾ ಅಂತ, ಕೇಳಿದ. ಹೌದೆನ್ನಲು ತಲೆಯಾಡಿಸಬೇಕೆಂದವನು, ತಲೆ ಅಲ್ಲಾಡಿಸಬೇಡ ಎಂದು ಡಾಕ್ಟರು ಹೇಳಿದ್ದು ನೆನಪಾಗಿ ಸುಮ್ಮನೆ ಕಣ್ಣು ಮುಚ್ಚಿದೆ. ಬೋಳು ತಲೆಗೆ ಕೂದಲು ನೆಡಿಸಿಕೊಂಡು ಬರುತ್ತಿದ್ದೇನೆ ಎಂದು ಸೆಕೆಂಡ್ ಕ್ಲಾಸಿನಲ್ಲಿ ಯಾರಿಗೆ ಹೇಳುವುದು? ಎಪ್ಪತ್ತರ ದಶಕದ ನಡುವಿನ ಮಾತಿದು. ಹೀಗೊಂದು ಮಾಡುತ್ತಾರೆ ಎಂಬುದೇ ಮುಂಬಯಿಯಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ. ನೋವೇನೂ ಇರಲಿಲ್ಲ. ನೋವಿನ ಮಾತು ಇರಲಿ, ನನಗೆ ತಲೆಯೇ ಇದ್ದಂತಿರಲಿಲ್ಲ.

ಆಗ ನಾನು ವಿಲೆ ಪಾರ್ಲೆಯಲ್ಲಿ, ವಿಮಾನದಲ್ಲಿ ಹೋಗುವ ಸರಕಿನ ಕಾಗದಪತ್ರ ನೋಡಿಕೊಳ್ಳುವ ಆಫೀಸೊಂದರಲ್ಲಿ ಗುಮಾಸ್ತ. ಮನೆ ಗೋರೆಗಾಂವ್‌ನ ಕಾಲೊನಿಯಲ್ಲಿ: ಒಂದು ಕೋಣೆ, ಒಂದು ಅಡುಗೆಮನೆ. ಅದರಲ್ಲಿ ನಾನು, ಹೆಂಡತಿ, ಅಪ್ಪ. ಅಪ್ಪ ಧಾರವಾಡದಲ್ಲಿ ಮಾಸ್ತರನಾಗಿದ್ದವನು. ರಿಟೈರಾದ ಮೇಲೆ, ಅವ್ವನೂ ಇಲ್ಲವಾದ್ದರಿಂದ, ನನ್ನ ಜೊತೆ ಬಂದಿದ್ದ. ಮುಂಬಯಿ ಅವನಿಗೆ ಒಗ್ಗುವುದಿಲ್ಲ ಎಂದುಕೊಂಡಿದ್ದೆ. ಬಂದು ತಿಂಗಳೊಳಗೆ ಇಡೀ ಬಿಲ್ಡಿಂಗಿನ ಜನ ನನಗಿಂತ ಅವನಿಗೇ ಹೆಚ್ಚು ಪರಿಚಯವಾದರು.

ಅಪ್ಪನ ತಲೆ ಪೂರ್ತಿ ಬೋಳು, ಕಿವಿಯಿಂದ ಕಿವಿಗೆ ಹಿಂದೊಂದು ಬಿಳಿ ಪಟ್ಟಿ. ನನ್ನದೂ ಅದೇ ನಕ್ಷೆ; ಪಟ್ಟಿ ಮಾತ್ರ ಕಪ್ಪು. ನನಗಿನ್ನೂ ಮೂವತ್ತು ದಾಟಿ ಬಹಳವಾಗಿರಲಿಲ್ಲ. ಒಂದು ಬೆಳಿಗ್ಗೆ ಹಾಲಿನ ಕೇಂದ್ರದ ಮರಾಠಿ ಹೆಂಗಸು ನನ್ನನ್ನು, "ತುಮ್ಚಾ ಭಾವೂ ಆಜ್ ನಾಹೀ ಆಲಾ?" ಎಂದು ಕೇಳಿದಳು. ನಿಮ್ಮ ತಮ್ಮ ಇವತ್ತು ಬರಲಿಲ್ಲವೇ ಅಂತ. ಅವಳು ಕೇಳಿದ್ದು ಅಪ್ಪನ ಬಗ್ಗೆ. ಮನೆಗೆ ಬಂದು ಹೇಳಿದರೆ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ, ಆ ವಾರವೆಲ್ಲ ನನ್ನನ್ನು "ಅಣ್ಣಾ" ಎಂದೇ ಕರೆದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಪ್ಪ ಕೆಟ್ಟವನೇನಲ್ಲ, ಆದರೆ ಅವನ ನೆತ್ತಿಯನ್ನು ದಿನ ಬೆಳಗಾದರೆ ಎದುರಿಗಿಟ್ಟುಕೊಂಡು ಚಹಾ ಕುಡಿಯುವುದು ನನ್ನಿಂದಾಗುತ್ತಿರಲಿಲ್ಲ. ಹೆಂಡತಿ ನನ್ನ ತಲೆಯ ಬಗ್ಗೆ ಒಂದು ಮಾತೂ ಆಡಿದವಳಲ್ಲ. ಮದುವೆಯಲ್ಲಿ ನಾನು ಪೇಟ ತೆಗೆದಾಗ ಒಮ್ಮೆ ನೋಡಿ ಕಣ್ಣು ಕೆಳಗೆ ಹಾಕಿದ್ದಳು, ಅಷ್ಟೇ. ಆ "ಅಷ್ಟೇ" ನನ್ನ ತಲೆಯಲ್ಲಿ ಕೂತಿತ್ತು.

ಅವಳು ಬಸುರಾಗಿ, ಸೀಮಂತ ಮುಗಿಸಿಕೊಂಡು, ಹೆರಿಗೆಗೆ ಹುಬ್ಬಳ್ಳಿಯ ತವರಿಗೆ ಹೋದಳು. ಬರುವಾಗ ಮಗು ಐದು ತಿಂಗಳದ್ದಾಗಿರುತ್ತದೆ, ಅಷ್ಟರೊಳಗೆ ನನ್ನ ತಲೆಯೂ ಬೆಳೆದಿರುತ್ತದೆ ಎಂದು ಲೆಕ್ಕ ಹಾಕಿದೆ. ಅಪ್ಪನಿಗೆ ಹೇಳಿದಾಗ ಅವನು ಅಕ್ಕಿ ಆರಿಸುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟ.

"ಹೆಂಡ್ತಿ ಬಸುರಿ ಇದ್ದಾಗ ಗಂಡ ತಲಿಗೆ ಕತ್ತರಿ ಹಚ್ಚಬಾರದು. ಇಷ್ಟೂ ಗೊತ್ತಿಲ್ಲೇನು ನಿನಗ?"

"ಮುಂಬೈದಾಗ ಅದನ್ನೆಲ್ಲ ಯಾರ್ ನೋಡ್ತಾರಪಾ?"

"ಯಾರೂ ನೋಡೂದಿಲ್ಲಂದ್ರ ಕೂದ್ಲರೆ ಯಾಕ ಬೇಕು?" ಎಂದ.

ನಮ್ಮವರಲ್ಲಿ ಇದು ದೊಡ್ಡ ಕಟ್ಟು. ಹೆರಿಗೆಯಾಗುವ ತನಕ ಬಸುರಿಯ ಗಂಡ ತಲೆಗೂದಲು ತೆಗೆಸಬಾರದು, ಯಾರದೇ ಹೆಣಕ್ಕೆ ಹೆಗಲು ಕೊಡಬಾರದು. ಹೆತ್ತವರು ಸತ್ತರೆ ಮಾತ್ರ ಈ ಕಟ್ಟಿಲ್ಲ. ಆಗ ಮಗನಾದವನು ಬೋಳಿಸಿಕೊಳ್ಳಲೇಬೇಕು. ನಾನು ಇದನ್ನೆಲ್ಲ ನಂಬುವವನಲ್ಲ ಎಂದು ತಿಳಿದುಕೊಂಡಿದ್ದೆ. ಡಾಕ್ಟರ ಬಳಿ ಹೋದೆ.

ಡಾಕ್ಟರು ಪರದೇಶದಲ್ಲಿ ಕಲಿತು ಬಂದವರು. ಹಿಂದಲೆಯ ಕೂದಲು ಸಾಯುವವರೆಗೂ ಉದುರುವುದಿಲ್ಲ, ಅದನ್ನು ಚರ್ಮದ ಸಮೇತ ಸಣ್ಣ ಸಣ್ಣ ಬಿಲ್ಲೆಗಳಾಗಿ ತೆಗೆದು ಮುಂದೆ ಕೂಡಿಸಿದರೆ ಅಲ್ಲಿಯೂ ಹಾಗೇ ಬೆಳೆಯುತ್ತದೆ ಎಂದು ಚಿತ್ರ ಬರೆದು ತೋರಿಸಿದರು. ಮೂರು ನಾಲ್ಕು ಸಲ ಬರಬೇಕಾಗುತ್ತದೆ, ನಡುವೆ ಕೆಲವು ತಿಂಗಳು ಬಿಡಬೇಕು ಎಂದರು. ಆಪರೇಷನ್ನಿನ ದಿನ ಅವರ ಸಹಾಯಕ ಮೊದಲು ಮಷಿನ್ ಹಿಡಿದು ನನ್ನ ಹತ್ತಿರ ಇದ್ದೊಂದು ಕರಿ ಪಟ್ಟಿಯನ್ನೂ ಬುಡಕ್ಕೆ ಹಾರಿಸಿದ. ಆಮೇಲೆ ಸೂಜಿಗಳು. ಸೂಜಿಗಳಾದ ಮೇಲೆ ನನ್ನ ನೆತ್ತಿಯಲ್ಲಿ ಏನು ನಡೆಯಿತೆಂಬುದು ಸದ್ದಿನಿಂದ ಮಾತ್ರ ಗೊತ್ತಾಯಿತು, ಸೌತೆಕಾಯಿ ಕೊರೆದಂಥ ಸದ್ದು. ಯಾರದೋ ತಲೆಗೆ ಏನೋ ಮಾಡುತ್ತಿದ್ದಾರೆ, ನಾನು ಪಕ್ಕದಲ್ಲಿ ಕೂತು ಕೇಳುತ್ತಿದ್ದೇನೆ ಅನ್ನಿಸಿತು.

ಆ ಅನ್ನಿಸಿಕೆ ಮನೆಗೆ ಬಂದ ಮೇಲೂ ಬಿಡಲಿಲ್ಲ. ಮಲಗುವಂತಿರಲಿಲ್ಲ, ಗೋಡೆಗೆ ದಿಂಬು ಒರಗಿಸಿ ಕೂತೇ ನಿದ್ದೆ ಮಾಡಬೇಕು. ಮರುದಿನ ಹಣೆ ಬಾತಿತು, ಬಾವು ನಿಧಾನಕ್ಕೆ ಕೆಳಗಿಳಿದು ಕಣ್ಣು ಮುಚ್ಚಿಕೊಂಡವು. ಅಪ್ಪ ಅನ್ನ ಸಾರು ಕಲಸಿ ಕೈತುತ್ತು ಮಾಡಿ ಬಾಯಿಗಿಟ್ಟ. ಬ್ಯಾಂಡೇಜ್ ಬಿಚ್ಚಿಸಿಕೊಂಡು ಬಂದ ದಿನ, ನೆತ್ತಿಯ ಮೇಲೆ ಸಾಲಾಗಿ ಕೂತಿದ್ದ ಬಿಲ್ಲೆಗಳನ್ನು ಕನ್ನಡಕ ಏರಿಸಿ ನೋಡಿದ.

"ಉಳ್ಳಾಗಡ್ಡಿ ಸಸಿ ಹಚ್ಚಿದಂಗ ಹಚ್ಯಾರಲ್ಲೋ. ನೀರು ಹಾಕಬೇಕೇನು?"

ನಗಬೇಕಾಗಿತ್ತು. ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ನೆತ್ತಿಯ ಮೇಲೆ ಕೈಯಿಟ್ಟರೆ ಕೈಗೆ ತಲೆ ಸಿಗುತ್ತಿತ್ತು, ತಲೆಗೆ ಕೈ ಸಿಗುತ್ತಿರಲಿಲ್ಲ. ನರ ಕತ್ತರಿಸಿರುತ್ತವೆ, ತಿಂಗಳುಗಟ್ಟಲೆ ಹೀಗಿರಬಹುದು ಎಂದು ಡಾಕ್ಟರು ಹೇಳಿದ್ದರು. ತಲೆಯೊಂದೇ ಆಗಿದ್ದರೆ ನಾನೂ ಒಪ್ಪುತ್ತಿದ್ದೆ. ಊಟ ರುಚಿಸುತ್ತಿರಲಿಲ್ಲ, ಹಸಿವೂ ಇರುತ್ತಿರಲಿಲ್ಲ. ಹೆಂಡತಿಯ ಕಾಗದ ಬಂದರೆ ಓದಿ ಮಡಿಚಿಡುತ್ತಿದ್ದೆ. ಓದಿದ್ದೇನೆಂದು ಅಪ್ಪ ಕೇಳಿದರೆ ಮತ್ತೆ ಬಿಚ್ಚಿ ನೋಡಬೇಕಾಗುತ್ತಿತ್ತು. ಎಂಥದೋ ಖುಷಿಗೆಂದು ಮಾಡಿಸಿಕೊಂಡ ಕೆಲಸ, ಖುಷಿ ಪಡುವವನೇ ಎಲ್ಲೋ ಎದ್ದು ಹೋಗಿದ್ದ.

ಅಪ್ಪನ ಬಿಳಿ ಟೊಪ್ಪಿಗೆ ಹಾಕಿಕೊಂಡು ಆಫೀಸಿಗೆ ಹೋಗತೊಡಗಿದೆ. ಒಂದು ದಿನ ಆಫೀಸಿನ ಕೆಲಸದ ಮೇಲೆ ಬೈಕುಲ್ಲಾಕ್ಕೆ ಹೋದವನು ಅಲ್ಲಿಯ ನಮ್ಮ ಕಡೆಯವರ ಖಾನಾವಳಿಯಲ್ಲಿ ಊಟಕ್ಕೆ ಕೂತೆ. ಸೆಕೆ ತಡೆಯಲಾರದೆ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಅಷ್ಟರಲ್ಲಿ ಎದುರಿನ ಸಾಲಿನಲ್ಲಿ ರೊಟ್ಟಿ ಮುರಿಯುತ್ತಿದ್ದವನೊಬ್ಬ ನನ್ನನ್ನೇ ನೋಡುತ್ತಿರುವುದು ಕಂಡಿತು. ಹೆಂಡತಿಯ ತವರಿನ ಓಣಿಯವನು, ಅಂಗಡಿಗೆ ಮಾಲು ಒಯ್ಯಲು ಮುಂಬಯಿಗೆ ಬರುತ್ತಿದ್ದವನು. ಸೀಮಂತದಲ್ಲಿ ನನ್ನ ಪಕ್ಕದಲ್ಲೇ ಕೂತು ಉಂಡಿದ್ದ. ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದ. ಏನೂ ಕೇಳಲಿಲ್ಲ. ನನ್ನ ಹೆಗಲ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತ. ಆಮೇಲೆ "ಬರ್ತೀನಿ" ಅಂತಲೂ ಅನ್ನದೆ ಹೊರಟುಹೋದ.

ಸಾವಿನ ಮನೆಯವರಿಂದ ಹೊರಡುವಾಗ ನಮ್ಮಲ್ಲಿ ಹಾಗೆ ಹೇಳುವುದಿಲ್ಲ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆಗ ಏನೂ ಹೊಳೆಯಲಿಲ್ಲ, ವಿಚಿತ್ರ ಮನುಷ್ಯ ಅಂದುಕೊಂಡು ಊಟ ಮುಗಿಸಿದೆ.

ಮುಂದಿನ ಭಾನುವಾರ ಮಧ್ಯಾಹ್ನ ನಾನು ಅಡುಗೆಮನೆಯ ಬಚ್ಚಲುಮೋರಿಯಲ್ಲಿ ಕೂತು, ಉಪ್ಪುನೀರಲ್ಲಿ ಅದ್ದಿದ ಹತ್ತಿಯಿಂದ ತಲೆಯ ಹಕ್ಕಳೆ ನೆನೆಸುತ್ತಿದ್ದೆ. ಬಾಗಿಲು ಬಡಿದ ಸದ್ದಾಯಿತು, ಅಪ್ಪ ತೆಗೆದ. ಬಂದವನು ಹೆಂಡತಿಯ ಅಣ್ಣ. ಹುಬ್ಬಳ್ಳಿಯಿಂದ ನೇರ ಬಂದಿದ್ದ, ಬರಿಗೈಯಲ್ಲಿ, ತಲೆ ತಗ್ಗಿಸಿಕೊಂಡು. ಬಾಗಿಲು ತೆಗೆದದ್ದು ಯಾರೆಂದೂ ನೋಡದೆ ಶುರುಮಾಡಿದ.

"ರಾಯರು ಹಿಂಗ ಒಮ್ಮಿಂದೊಮ್ಮೆಲೆ ಹೋಗಿಬಿಡ್ತಾರಂತ ನಾವು ಕನಸಿನ್ಯಾಗೂ..."

"ಯಾವ ರಾಯರೋ?" ಎಂದ ಅಪ್ಪ.

ನಾನು ತೊಟ್ಟಿಕ್ಕುವ ತಲೆಯಲ್ಲಿ ಹೊರಗೆ ಬಂದಾಗ ಅವನು ನೆಲದ ಮೇಲೆ ಕುಸಿದು ಕೂತಿದ್ದ, ಅಪ್ಪ ಅವನಿಗೆ ನೀರು ಕುಡಿಸುತ್ತಿದ್ದ. ಒಂದೊಂದೇ ಮಾತು ಹೊರಬಿತ್ತು. ಬಸುರಿಯ ಗಂಡ ಹಿಂದಿನ ಪಟ್ಟಿಯನ್ನೂ ಬೋಳಿಸಿಕೊಂಡು ಕೂತಿದ್ದನೆಂದರೆ ಅವನ ಅಪ್ಪ ಸತ್ತಿರಲೇಬೇಕು. ಖಾನಾವಳಿಯವನು ಊರಿಗೆ ಹೋಗಿ ಅದನ್ನೇ ಹೇಳಿದ್ದ. ಬಸುರಿಗೆ ಸಾವಿನ ಸುದ್ದಿ ಮುಟ್ಟಿಸಬಾರದೆಂದು ಹೆಂಡತಿಗೆ ಯಾರೂ ಹೇಳಿರಲಿಲ್ಲ. ಆದರೆ ಸೂತಕ ತಪ್ಪುತ್ತದೆಯೇ? ಅವಳ ತಾಯಿ ಏನೇನೋ ನೆಪ ಹೇಳಿ ಅವಳನ್ನು ದೇವರ ಕೋಣೆಯಿಂದ ದೂರ ಇಟ್ಟಿದ್ದರು. ಅಣ್ಣ ವ್ಯಾಪಾರದ ಕೆಲಸವೆಂದು ಸುಳ್ಳು ಹೇಳಿ ಹೊರಟು ಬಂದಿದ್ದ.

ಅಪ್ಪ ಕೆಮ್ಮು ಬರುವಷ್ಟು ನಕ್ಕ. ಚಹಾ ಮಾಡಿ ಕೊಟ್ಟು, ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು ವಿಚಾರಿಸಿದ.

"ಊರಾಗ ಏನಂದ್ರು ನನ್ನ ಬಗ್ಗೆ?"

"ಭಾಳ ಒಳ್ಳೇವರಿದ್ರು ಅಂದ್ರು, ರಾಯರ."

"ಎಲ್ಲಾರೂ?"

"ಎಲ್ಲಾರೂ."

"ಹಂಗಾರ ಖರೇನ ಸತ್ತೀನಂತ ತಿಳ್ಕೊಂಡಾರ."

ಹೆಂಡತಿಯ ಅಣ್ಣ ನಗಲಿಲ್ಲ. ನನ್ನ ತಲೆಯನ್ನು ಅಡ್ಡಡ್ಡ ನೋಡುತ್ತ, "ಇದಕ್ಕೇನು? ನನ್ನ ತಂಗಿ ಅಲ್ಲಿ ತುಂಬಿದ ಬಸುರಿ..." ಎಂದು ಅರ್ಧಕ್ಕೇ ನಿಲ್ಲಿಸಿದ. ನಾನು ಹತ್ತಿ ಹಿಡಿದುಕೊಂಡು ನಿಂತೇ ಇದ್ದೆ. ನಾಚಿಕೆಯಾಗಬೇಕಾದ ಜಾಗ ಅದು, ನನಗೂ ಗೊತ್ತಿತ್ತು. ಆಗಲಿಲ್ಲ. ಸಂಜೆಯ ಗಾಡಿಗೇ ಅವನು ಹೊರಟ. ಹೊರಡುವಾಗ ಅಪ್ಪನಿಗೆ ನಮಸ್ಕಾರ ಮಾಡಿ "ಬರ್ತೀನ್ರಿ, ಹೋಗಿ ಬರ್ತೀನ್ರಿ" ಎಂದು ಎರಡೆರಡು ಸಲ ಹೇಳಿದ.

ಅವನನ್ನು ಬಸ್ ಸ್ಟಾಪಿನವರೆಗೆ ಕಳಿಸಿ ಬಂದಾಗ ಅಪ್ಪ ಗ್ಯಾಲರಿಯಲ್ಲಿ ಕೂತಿದ್ದ. ಬಿಲ್ಡಿಂಗಿನ ಎಲ್ಲರಿಗೂ ಆಗಲೇ ಕಥೆ ಹೇಳಿ ಮುಗಿಸಿರಬೇಕು ಎಂದುಕೊಂಡೆ. ಯಾರಿಗೂ ಹೇಳಿರಲಿಲ್ಲ.

"ಒಂದು ಕೇಳ್ಲೇನು?" ಎಂದ.

"ಏನು?"

"ನಾ ಖರೇನ ಹೋದಾಗ, ಇದನ್ನ ತಗಸ್ತೀ ಏನು?"

ಗದ್ದದಿಂದ ನನ್ನ ತಲೆ ತೋರಿಸಿದ. ತಮಾಷೆ ಮಾಡುವಾಗ ಅವನ ಎಡಗಣ್ಣು ಸ್ವಲ್ಪ ಸಣ್ಣದಾಗುತ್ತಿತ್ತು. ಅವತ್ತು ಎರಡೂ ಕಣ್ಣು ಸಮನಾಗಿದ್ದವು. ತೆಗೆಸುತ್ತೇನೆ ಎಂದರೂ ಆಗುತ್ತಿತ್ತು. ತೆಗೆಸುವುದಿಲ್ಲ, ಅದೆಲ್ಲ ನಾನು ನಂಬುವುದಿಲ್ಲ ಎಂದರೂ ಅವನು ತಡೆದುಕೊಳ್ಳುತ್ತಿದ್ದ, ಜಗಳವಾಡುತ್ತಿದ್ದ. ನಾನು ಎರಡನ್ನೂ ಹೇಳಲಿಲ್ಲ. ಒಳಗೆ ಹುಡುಕಿದೆ, ಏನೂ ಸಿಗಲಿಲ್ಲ.

"ಸುಮ್ನ ಕೂಡ್ರಪಾ," ಎಂದು ಒಳಗೆ ಹೋದೆ.

ಅವನು ಮತ್ತೆ ಆ ಮಾತು ಎತ್ತಲಿಲ್ಲ. ಹಾಲಿಗೆ ಹೋಗುವುದು, ಅಕ್ಕಿ ಆರಿಸುವುದು, ಕೆಳಗಿನ ಮನೆಯವರ ಮಕ್ಕಳಿಗೆ ಗಣಿತ ಹೇಳುವುದು ಎಲ್ಲ ಎಂದಿನಂತೆ ನಡೆಯಿತು. ನನ್ನನ್ನು ಛೇಡಿಸುವುದು ಮಾತ್ರ ನಿಂತಿತು. ಅದು ನಿಂತಿದೆ ಎಂಬುದು ನನಗೆ ಗೊತ್ತಾದದ್ದೇ ಎಷ್ಟೋ ದಿನದ ಮೇಲೆ.

ನೆಟ್ಟ ಕೂದಲು ಮೊದಲು ಒಮ್ಮೆ ಪೂರ್ತಿ ಉದುರಿ, ಆಮೇಲೆ ಹುಟ್ಟುತ್ತದೆ ಎಂದು ಡಾಕ್ಟರು ಹೇಳಿದ್ದರು. ನನ್ನದು ಉದುರುತ್ತಿರಲಿಲ್ಲ, ದಿಂಬಿನ ಮೇಲೆ ಒಂದು ಎಳೆಯೂ ಇರುತ್ತಿರಲಿಲ್ಲ. ಆದರೆ ಕನ್ನಡಿಯಲ್ಲಿ ನೋಡಿದರೆ ಬಿಲ್ಲೆಗಳು ಖಾಲಿಯಾಗುತ್ತಿದ್ದವು. ಇದೆಂಥ ಲೆಕ್ಕ ಎಂದು ತಿಳಿಯದೆ ಇದ್ದೆ. ಒಂದು ಬೆಳಿಗ್ಗೆ ಸ್ನಾನಕ್ಕೆಂದು ಎದ್ದು ಹೋದವನು ಟವೆಲ್ ಮರೆತು ತಿರುಗಿ ಬಂದೆ. ಅಪ್ಪ ಮಂಡಿಯೂರಿ ಕೂತು ನನ್ನ ದಿಂಬಿನಿಂದ ಕೂದಲನ್ನು ಒಂದೊಂದಾಗಿ ಆರಿಸಿ ಎಡಗೈ ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಿದ್ದ, ಅಕ್ಕಿಯ ಕಲ್ಲು ಆರಿಸುವವನ ಹಾಗೆ. ನನ್ನನ್ನು ನೋಡಿ ಮುಷ್ಟಿಯನ್ನು ಧೋತರದ ಮಡಿಕೆಯಲ್ಲಿ ಮುಚ್ಚಿದ.

"ಇರುವಿ ಆಗ್ಯಾವ," ಎಂದ.

ನಾನು ಟವೆಲ್ ತೆಗೆದುಕೊಂಡು ಹೋದೆ. ಆಗ ಅಳು ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸುತ್ತದೆ ಈಗ.

ಹುಬ್ಬಳ್ಳಿಯಿಂದ ತಾರು ಬಂತು: ಹೆಣ್ಣು ಮಗು, ಇಬ್ಬರೂ ಕ್ಷೇಮ. ಅಪ್ಪ ಅದನ್ನು ಹಿಡಿದುಕೊಂಡು ಮೂರೂ ಮಹಡಿ ಹತ್ತಿಳಿದು ಪೇಡೆ ಹಂಚಿದ. ನಾನು ಆಫೀಸಿಗೆ ಹೋಗಿ ಸರಕಿನ ಕಾಗದ ತುಂಬಿದೆ. ಹೆಂಡತಿ ಮಗುವನ್ನೆತ್ತಿಕೊಂಡು ಬಂದಾಗ ನನ್ನ ತಲೆಯ ಮೇಲೆ ನಿಜಕ್ಕೂ ಕೂದಲು ಬಂದಿತ್ತು. ಬ್ರಷ್ಷಿನ ಹಾಗೆ, ಕುಚ್ಚು ಕುಚ್ಚಾಗಿ, ನಡುವೆ ಬೋಳು ಜಾಗ ಬಿಟ್ಟು. ಉಳಿದ ಸಲಕ್ಕೆ ಹೋಗಿದ್ದರೆ ಆ ಜಾಗಗಳೂ ತುಂಬುತ್ತಿದ್ದವೇನೋ. ಹೋಗಬೇಕು ಅನ್ನಿಸಲಿಲ್ಲ, ಹೋಗಬಾರದು ಅಂತಲೂ ಅನ್ನಿಸಲಿಲ್ಲ. ಹೋಗಲಿಲ್ಲ.

ಅವಳು ಬಹಳ ಹೊತ್ತು ನೋಡಿದಳು. ಆಮೇಲೆ, "ಅವ್ವ ದೇವರ ಖೋಲಿಗೆ ಬರಬ್ಯಾಡ ಅಂದಾಗ ನಾ ಏನ್ ತಿಳ್ಕೊಂಡಿದ್ದೆ ಗೊತ್ತದೇನ್ರಿ? ನಿಮಗ ಏನೋ ಆಗ್ಯದ ಅಂತ. ತಾಳಿ ಹಿಡ್ಕೊಂಡು ಕೂತಿದ್ದೆ," ಎಂದಳು. ಕೂದಲ ಬಗ್ಗೆ ಅವಳು ಆಡಿದ್ದು ಇಷ್ಟೇ. ಹೇಳಿ ಮಗುವಿಗೆ ಹಾಲು ಕುಡಿಸಲು ಒಳಗೆ ಹೋದಳು.

ಮಗಳು ಬೆಳೆದದ್ದು ಅಪ್ಪನ ಮೈಮೇಲೆ. ನಡೆಯುವುದಕ್ಕೆ ಮೊದಲೇ ಅವನ ಹೆಗಲು ಹತ್ತಲು ಕಲಿತಳು. ನನ್ನ ಹತ್ತಿರ ಅಷ್ಟಾಗಿ ಬರುತ್ತಿರಲಿಲ್ಲ; ಬಂದರೂ ನಾನು ಅವಳನ್ನು ಎತ್ತಿಕೊಂಡು ಏನು ಮಾಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತಿಗೆ ಇಳಿಸಿಬಿಡುತ್ತಿದ್ದೆ. ಅವಳಿಗೆ ಮಾತು ಪೂರ್ತಿ ಬರುವ ಮೊದಲೇ, ಒಂದು ಮಳೆಗಾಲ ಮುಗಿಯುವ ಹೊತ್ತಿಗೆ, ಅಪ್ಪ ಹಾಸಿಗೆ ಹಿಡಿದ. ಹೆಚ್ಚು ದಿನ ನರಳಲಿಲ್ಲ. ಒಂದು ಬೆಳಿಗ್ಗೆ ಹೆಂಡತಿ ಗಂಜಿ ಕುಡಿಸಲು ಹೋದಾಗ ಹೋಗಿಬಿಟ್ಟಿದ್ದ.

ಮಗಳನ್ನು ಕೆಳಗಿನ ಮನೆಗೆ ಕಳಿಸಿದೆವು. ಜನ ಸೇರಿದರು, ಪಾರ್ಲೆಯಿಂದ ನಮ್ಮ ಭಟ್ಟರು ಬಂದರು. ಚಟ್ಟ ಕಟ್ಟುತ್ತಿರುವಾಗ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದಳು.

"ಮಾವನವರು ನನಗೂ ಭಟ್ಟರಿಗೂ ಹೇಳಿಟ್ಟಾರ. ನಿಮ್ಮ ತಲಿಗೆ ಕತ್ತಿ ಹಚ್ಚಬಾರದಂತ. 'ಒಮ್ಮೆ ನನ್ನ ಹೆಸರಲೆ ಬೋಳಿಸ್ಯಾನ, ಅದ ಹಿಡೀತದ, ಮತ್ತ ಕೇಳಬ್ಯಾಡ್ರಿ ಅವಗ' ಅಂದ್ರು."

ನನಗೆ ಸಿಟ್ಟು ಬಂತು. ಎಷ್ಟೋ ಕಾಲದ ಮೇಲೆ ಬಂದ ಸಿಟ್ಟು. ಅಪ್ಪ ನನಗೆ ರಿಯಾಯಿತಿ ಕೊಟ್ಟು ಹೋಗಿದ್ದ. ಗ್ಯಾಲರಿಯಲ್ಲಿ ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ, ಅವನೇ ಉತ್ತರ ಬರೆದುಕೊಂಡು ನನ್ನನ್ನು ಪಾಸು ಮಾಡಿದ್ದ. ನನ್ನನ್ನು ಇನ್ನೊಮ್ಮೆ ಕೇಳಬಾರದಿತ್ತೇ? ಎರಡು ವರ್ಷ ಒಂದೇ ಕೋಣೆಯಲ್ಲಿ ಮಲಗಿದ್ದೆವಲ್ಲ!

ಸ್ಮಶಾನದ ಕಟ್ಟೆಯ ಮೇಲೆ ಕೂತೆ. ಭಟ್ಟರು, "ನಾಲ್ಕು ಕೂದಲು ಕತ್ತರಿಸಿದರ ಸಾಕು, ತಂದಿಯವರ ಮಾತು ಅದ," ಎಂದರು. ಕ್ಷೌರಿಕ ಮರಾಠಿಯವನು. ಬೆರಳಿಗೆ ಗಂಟುಗಂಟಾಗಿ ಸಿಕ್ಕ ಕುಚ್ಚುಗಳನ್ನು ಒತ್ತಿ ನೋಡಿ, "ಹೇ ಕಾಯ್ ಝಾಲಂ, ಸಾಹೇಬ್?" ಎಂದ. ಏನಾಗಿದೆ ಎಂದು ಹೇಳುವುದು? "ಸಗಳಂ ಕಾಢ್," ಎಲ್ಲ ತೆಗೆ, ಎಂದೆ. ಕತ್ತಿ ಗಂಟುಗಳ ಮೇಲೆ ತಡೆದು ತಡೆದು ಹೋಯಿತು, ಎರಡು ಮೂರು ಕಡೆ ರಕ್ತ ಬಂತು. ತೆಗೆಸಿದೆ ನೋಡು ಎಂದು ತೋರಿಸಲು ತಿರುಗಿದೆ. ಅಪ್ಪನ ಮುಖದ ಮೇಲೆ ಆಗಲೇ ಬಟ್ಟೆ ಎಳೆದಿದ್ದರು.

ಎಲ್ಲ ಮುಗಿಸಿ, ಒದ್ದೆ ಧೋತರದಲ್ಲಿ ಮನೆಯ ಬಾಗಿಲಿಗೆ ಬಂದು ನಿಂತೆ. ಕ್ರಿಯೆ ಮಾಡಿದವನು ಯಾರನ್ನೂ ಮುಟ್ಟಬಾರದು, ಯಾರೂ ಅವನನ್ನು ಮುಟ್ಟಬಾರದು. ಹೆಂಡತಿ ದೂರದಿಂದಲೇ ಚೊಂಬು ನೀರಿಟ್ಟು ಹಿಂದೆ ಸರಿದಳು. ಕೆಳಗಿನ ಮನೆಯಿಂದ ಮಗಳನ್ನು ಆಗಷ್ಟೇ ತಂದು ಬಿಟ್ಟಿದ್ದರು. ಬಂದವಳೇ ಖಾಲಿ ಹಾಸಿಗೆಯ ಸುತ್ತ ಅಜ್ಜನನ್ನು ಹುಡುಕಿ ಹುಡುಕಿ ಅತ್ತಿದ್ದಳಂತೆ. ಬಾಗಿಲಲ್ಲಿ ನನ್ನನ್ನು ಕಂಡವಳೇ ಮುಖವರಳಿಸಿ, "ಅಜ್ಜಾ ಬಂದಾ! ಅಜ್ಜಾ ಬಂದಾ!" ಎಂದು ಕೂಗುತ್ತ ಓಡಿ ಬಂದಳು.

"ಮುಟ್ಟಬ್ಯಾಡ, ಬಾ ಇಲ್ಲೆ," ಎಂದು ಹೆಂಡತಿ ಚೀರಿದಳು. ಅಷ್ಟರಲ್ಲಿ ಮಗಳು ನನ್ನ ಮೊಣಕಾಲು ಹಿಡಿದು ಹತ್ತತೊಡಗಿದ್ದಳು. ನಾನು ಬಗ್ಗಿ ಎತ್ತಿಕೊಂಡೆ. ಹೆಗಲ ಮೇಲೆ ತನ್ನ ಜಾಗ ಹುಡುಕಿ ಕೂತು, "ಎಲ್ಲಿ ಹೋಗಿದ್ದಿ ಅಜ್ಜಾ?" ಎಂದು ಕೇಳಿದಳು.

ನಾನು ಅವಳ ಅಪ್ಪ ಎಂದು ಹೇಳಬೇಕಾಗಿತ್ತು. "ಇಲ್ಲೇ ಇದ್ದೆ" ಎಂದೆ. ಆಮೇಲೆ ಗೋಡೆ ಹಿಡಿದುಕೊಂಡು, ಬಿಲ್ಡಿಂಗಿನ ಜನರೆಲ್ಲ ನೋಡುತ್ತಿದ್ದಂತೆ, ಜೋರಾಗಿ ಅಳತೊಡಗಿದೆ.